ಸಕ್ಕರೆ ಕಾಯಿಲೆಯ ನಾಯಿ, ಸಿಬಿಡಿ ಬಾಟಲಿ: ತೀರ್ಥಹಳ್ಳಿ ಕಡೆಯ ಒಂದು ಪ್ರಕರಣ

ಬೆಳ್ಳಿ ಲ್ಯಾಬ್ರಡಾರ್ ಬೆರಕೆಯ ಹೆಣ್ಣು ನಾಯಿ, ವಯಸ್ಸು 9. ಮಕ್ಕಳಾಗದ ಆಪರೇಷನ್ ಮಾಡಿಸಿರಲಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆ ಬಿಟ್ಟು ಒಳಗೆ ಸರಿದರೆ ಸಿಗುವ ಅಡಿಕೆ ತೋಟದ ಮನೆ. ಮನೆಯಲ್ಲಿ ವಯಸ್ಸಾದ ಗಂಡ-ಹೆಂಡತಿ, ಕೊಟ್ಟಿಗೆಯಲ್ಲಿ ಎರಡು ಹಸು, ಮಗ ಬೆಂಗಳೂರಿನಲ್ಲಿ. ಜೂನ್ ಮೊದಲ ವಾರ ನಾಯಿ ಬೆದೆಗೆ ಬಂದಿತ್ತು. ಜುಲೈ ಎರಡನೇ ವಾರ ತೋರಿಸಲು ಕರೆತಂದಾಗ ಮನೆಯವರು ಹೇಳಿದ್ದಿಷ್ಟು: ಎಷ್ಟು ತಿಂದರೂ ಇಳಿಯುತ್ತಿದೆ, ರಾತ್ರಿ ನಾಲ್ಕು ಸಲ ಹೊರಗೆ ಬಿಡಬೇಕು, ಜಗಲಿಯಲ್ಲಿ ಉಚ್ಚೆ ಹೊಯ್ದಲ್ಲಿ ಇರುವೆ ಮುತ್ತುತ್ತದೆ.

ಇರುವೆಯ ಮಾತು ಬಂದ ಮೇಲೆ ಹೆಚ್ಚು ಯೋಚಿಸುವುದಿರಲಿಲ್ಲ. ರಕ್ತದ ಸಕ್ಕರೆ 100 ಮಿ.ಲೀ.ಗೆ 412 ಮಿ.ಗ್ರಾಂ. ನಾಯಿಯಲ್ಲಿ ಅದು 180-220 ದಾಟಿದರೆ ಮೂತ್ರಕ್ಕೆ ಸೋರತೊಡಗುತ್ತದೆ. ಸಕ್ಕರೆ ತನ್ನೊಡನೆ ನೀರನ್ನೂ ಎಳೆದೊಯ್ಯುವುದರಿಂದ ಬಾಯಾರಿಕೆ. ತೂಕ 22.4 ಕಿಲೊ ಇತ್ತು, ಎರಡು ತಿಂಗಳ ಹಿಂದೆ 26. ಗೆರೆ ಹಾಕಿದ ಬಕೆಟ್ಟಿನಲ್ಲಿ ಒಂದಿಡೀ ದಿನ ಅಳೆದಾಗ ಕುಡಿದ ನೀರು ಮೂರೂವರೆ ಲೀಟರ್. ಕಿಲೊ ತೂಕಕ್ಕೆ ದಿನಕ್ಕೆ 100 ಮಿ.ಲೀ. ಮೀರಿದರೆ ಅತಿ ಎನ್ನುತ್ತಾರೆ, ಈ ತೂಕಕ್ಕೆ ಅದು ಎರಡೂಕಾಲು ಲೀಟರ್. ಮೈಯ ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ಮೂತ್ರದಲ್ಲಿ ಇರಲಿಲ್ಲ.

ಬೆದೆಯ ದಿನಾಂಕ ಕೇಳಿದ್ದು ಸುಮ್ಮನೆ ಅಲ್ಲ. ಬೆದೆ ಮುಗಿದ ಮೇಲೆ ಸುಮಾರು ಎರಡು ತಿಂಗಳು, ಗರ್ಭ ನಿಂತಿರಲಿ ಬಿಡಲಿ, ನಾಯಿಯ ಮೈಯಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಏರಿಯೇ ಇರುತ್ತದೆ. ಅದು ಕೆಚ್ಚಲಿನ ಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನ್ ಹೊರಡಿಸುತ್ತದೆ, ಆ ಹಾರ್ಮೋನ್ ಇನ್ಸುಲಿನ್‌ಗೆ ಅಡ್ಡ ನಿಲ್ಲುತ್ತದೆ. ವಯಸ್ಸಾದ, ಆಪರೇಷನ್ ಆಗದ ಹೆಣ್ಣು ನಾಯಿಗಳಲ್ಲಿ ಬೆದೆಯಾಗಿ ಒಂದೆರಡು ತಿಂಗಳಿಗೆ ಸಕ್ಕರೆ ಕಾಯಿಲೆ ಹೊರಬೀಳುವುದು ಈ ಕಾರಣಕ್ಕೆ. ಬೇಗ ಗರ್ಭಕೋಶ-ಅಂಡಾಶಯ ತೆಗೆಸಿದರೆ ಕೆಲವು ನಾಯಿಗಳಿಗೆ ಇನ್ಸುಲಿನ್ನೇ ಬೇಡವಾಗುವುದೂ ಉಂಟು. "ಮಳೆ ಕಳೀಲಿ ಡಾಕ್ಟ್ರೇ, ಗಾಯ ಒಣಗಬೇಕಲ್ಲ" ಎಂದು ಮನೆಯವರು ಮುಂದೂಡಿದರು. ಗಾಯದ ಚಿಂತೆ ನ್ಯಾಯವಾದದ್ದೇ. ಆದರೆ ಈ ಕಾಯಿಲೆಯಲ್ಲಿ ಮುಂದೂಡಿದ ಪ್ರತಿ ವಾರವೂ ಮೇದೋಜೀರಕದಲ್ಲಿ ಉಳಿದಿರುವ ಅಲ್ಪಸ್ವಲ್ಪ ಇನ್ಸುಲಿನ್ ಕೋಶಗಳನ್ನು ತಿನ್ನುತ್ತದೆ.

ಮೊದಲ ಚೀಟಿ: ಮನುಷ್ಯರಿಗೆ ಸಿಗುವ, ಎನ್‌ಪಿಎಚ್ ಎಂಬ ಮಧ್ಯಮ ವೇಗದ ಇನ್ಸುಲಿನ್, ಮಿ.ಲೀ.ಗೆ 40 ಯೂನಿಟ್‌ನದ್ದು, 6 ಯೂನಿಟ್‌ನಂತೆ 12 ಗಂಟೆಗೊಮ್ಮೆ. ಅಂದರೆ ಕಿಲೊಗೆ 0.27 ಯೂನಿಟ್. ನಾಯಿಗೆ ಕಾಲು ಯೂನಿಟ್ಟಿನ ಆಸುಪಾಸಿನಲ್ಲಿ ಶುರುಮಾಡಿ ನಿಧಾನ ಏರಿಸುವುದು ರೂಢಿ. ಊಟ ಎರಡು ಹೊತ್ತು, ಒಂದೇ ಅಳತೆ, ಊಟ ಮುಗಿದ ಮೇಲೆ ಚುಚ್ಚು. ವಯಲನ್ನು (ಇನ್ಸುಲಿನ್ ಸೀಸೆಯನ್ನು) ಕುಲುಕದೆ ಅಂಗೈಗಳ ನಡುವೆ ಹತ್ತಿಪ್ಪತ್ತು ಸಲ ಉರುಳಿಸಿ, ತಳದ ಬಿಳಿ ಗಷ್ಟು ಪೂರ್ತಿ ಬೆರೆತ ಮೇಲೆ ಎಳೆಯಬೇಕು. ಚುಚ್ಚುವುದು ಕತ್ತಿನ ದಪ್ಪ ಚರ್ಮಕ್ಕಲ್ಲ, ಪಕ್ಕೆಯ ಸಡಿಲ ಚರ್ಮಕ್ಕೆ, ದಿನಕ್ಕೊಂದು ಬದಿ.

ಮಳೆಗಾಲದಲ್ಲಿ ಈ ಕಡೆ ಕರೆಂಟು ಹೋದರೆ ಎರಡು ಮೂರು ದಿನ ಬರದಿರುವುದು ಹೊಸದಲ್ಲ. ಫ್ರಿಜ್ ನಿಂತಿತೆಂದು ಮನೆಯೊಡತಿಗೆ ಗಾಬರಿ. ಜುಲೈ-ಆಗಸ್ಟಿನ ಮಲೆನಾಡಿನ ಒಳಮನೆಯ ತಂಪಿನಲ್ಲಿ, 25 ಡಿಗ್ರಿ ಮೀರದಿದ್ದರೆ, ಬಳಕೆಯಲ್ಲಿರುವ ವಯಲ್ ನಾಲ್ಕು ವಾರ ಹೊರಗಿದ್ದರೂ ಕೆಡುವುದಿಲ್ಲ. ಒಲೆಯ ಅಟ್ಟದ ಮೇಲೆ ಇಡಬಾರದು ಅಷ್ಟೆ. ಕೆಡಿಸುವುದು ಇನ್ನೊಂದು: ಫ್ರಿಜ್ಜಿನ ಹಿಂಗೋಡೆಗೆ ಒರಗಿಸಿಟ್ಟು ಹೆಪ್ಪುಗಟ್ಟಿಸುವುದು. ಒಮ್ಮೆ ಹೆಪ್ಪುಗಟ್ಟಿದ ವಯಲನ್ನು ಕರಗಿಸಿ ಬಳಸುವಂತಿಲ್ಲ.

ಬಾಟಲಿ ಬಂದದ್ದು

ಜುಲೈ ಕೊನೆಯಲ್ಲಿ ಮಗ ಬಂದವನು ಆನ್‌ಲೈನ್‌ನಲ್ಲಿ ತರಿಸಿದ ಸಿಬಿಡಿ ಎಣ್ಣೆ ತಂದ. ಸಿಬಿಡಿ ಎಂದರೆ ಕ್ಯಾನಬಿಡಿಯಾಲ್, ಗಾಂಜಾ ಗಿಡದ ಅಮಲೇರಿಸದ ಸತ್ವ. 30 ಮಿ.ಲೀ. ಬಾಟಲಿ, ಮೇಲೆ 1,000 ಮಿ.ಗ್ರಾಂ ಎಂದು ಬರೆದಿತ್ತು, ಅಂದರೆ ಮಿ.ಲೀ.ಗೆ 33 ಮಿ.ಗ್ರಾಂ. ದಿನಕ್ಕೆರಡು ಸಲ ಅರ್ಧ ಡ್ರಾಪರ್ ಹಾಕತೊಡಗಿದರು. ಅದು ಸುಮಾರು 17 ಮಿ.ಗ್ರಾಂ, ಕಿಲೊ ತೂಕಕ್ಕೆ 0.75 ಮಿ.ಗ್ರಾಂ. ಇಷ್ಟಕ್ಕೇ ನಿಂತಿದ್ದರೆ ಈ ಪ್ರಕರಣ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಎಣ್ಣೆ ಶುರುಮಾಡಿದ ನಾಲ್ಕನೇ ದಿನ ಇನ್ಸುಲಿನ್ 6ರಿಂದ 3ಕ್ಕಿಳಿಯಿತು.

ಇಳಿಸಲು ಅವರಿಗೆ ಕಾರಣವಿತ್ತು. "ಎಣ್ಣೆ ಹಾಕಿದ್ಮೇಲೆ ನೀರು ಕುಡಿಯೋದು ಅರ್ಧಕ್ಕರ್ಧ ಕಮ್ಮಿ ಆಗಿದೆ ಡಾಕ್ಟ್ರೇ, ರಾತ್ರಿನೂ ಮಲಗ್ತದೆ" ಎಂದು ಫೋನಿನಲ್ಲಿ ಹೇಳಿದ್ದರು. ಬಕೆಟ್ಟಿನ ಲೆಕ್ಕ ಸುಳ್ಳಾಗಿರಲಿಲ್ಲ. ಆದರೆ ಆ ವಾರ ಮಳೆ ಹಿಡಿದು ಅಂಗಳದ ತುಂಬ ನೀರು. ಸೂರಿನ ಕೆಳಗೆ ಮಳೆನೀರಿನ ದೋಣಿಯಿಂದ ಸುರಿಯುವಲ್ಲಿ ಇಟ್ಟ ಹಂಡೆ ಸದಾ ತುಂಬಿಯೇ ಇರುತ್ತಿತ್ತು. ನಾಯಿ ಕುಡಿಯುತ್ತಿದ್ದದ್ದು ಅಲ್ಲಿ. ಸಕ್ಕರೆಯನ್ನೂ ಒಮ್ಮೆ ನೋಡಿದ್ದರು, 190 ಬಂದಿತ್ತು. ಅದು ಇನ್ನೂ 6 ಯೂನಿಟ್ ನಡೆಯುತ್ತಿದ್ದ ದಿನದ ಮಧ್ಯಾಹ್ನ ಎರಡು ಗಂಟೆಯದು. ಬೆಳಿಗ್ಗೆ ಎಂಟಕ್ಕೆ ಚುಚ್ಚಿದ ಎನ್‌ಪಿಎಚ್ ಸಕ್ಕರೆಯನ್ನು ಅತಿ ಕೆಳಕ್ಕೆ ತರುವುದೇ ಆ ಹೊತ್ತಿಗೆ. ದಿನದ ತಗ್ಗನ್ನು ಕಂಡು ಇಡೀ ದಿನ ಹಾಗೇ ಇದೆ ಎಂದುಕೊಂಡರು. ಸಾಲದ್ದಕ್ಕೆ ಮನುಷ್ಯರ ಗ್ಲುಕೋಮೀಟರ್ ನಾಯಿಯ ರಕ್ತಕ್ಕೆ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆಯನ್ನೇ ತೋರಿಸುತ್ತದೆ.

ಎಣ್ಣೆಯ ಹನ್ನೆರಡನೇ ದಿನ ಬೆಳ್ಳಿ ಊಟ ಬಿಟ್ಟಿತು. ಎರಡು ಸಲ ವಾಂತಿ, ಬಾಯಲ್ಲಿ ಉಗುರಿನ ಬಣ್ಣ ತೆಗೆಯುವ ದ್ರಾವಣದಂಥ ವಾಸನೆ. ಅರವತ್ತು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಕರೆತರುವ ಹೊತ್ತಿಗೆ ತೂಕ 20.8, ಸಕ್ಕರೆ 486, ಮೂತ್ರಪಟ್ಟಿಯಲ್ಲಿ ಕೀಟೋನ್ ಮೂರು ಪ್ಲಸ್, ಪೊಟ್ಯಾಸಿಯಂ 3.1. ಇನ್ಸುಲಿನ್ ಸಾಲದಾದಾಗ ಮೈ ಕೊಬ್ಬನ್ನು ಕರಗಿಸಿ ಉರುವಲು ಮಾಡಿಕೊಳ್ಳುತ್ತದೆ. ಅದರ ಹೊಗೆಯಂತೆ ಹುಟ್ಟುವ ಕೀಟೋನ್ ರಕ್ತವನ್ನು ಹುಳಿಯಾಗಿಸುತ್ತದೆ. ಹೊಟ್ಟೆಯ ಸ್ಕ್ಯಾನಿನಲ್ಲಿ ಗರ್ಭಕೋಶದ ಕೀವು ಇರಲಿಲ್ಲ. ಈ ವಯಸ್ಸಿನ, ಬೆದೆ ಮುಗಿಸಿದ ನಾಯಿ ವಾಂತಿ ಮಾಡುತ್ತ ಬಂದರೆ ಅದನ್ನು ನೋಡದೆ ಬಿಡಬಾರದು.

ಮೊದಲೆರಡು ಗಂಟೆ ಇನ್ಸುಲಿನ್ ಮುಟ್ಟಲಿಲ್ಲ, ನಾರ್ಮಲ್ ಸಲೈನ್ ಮಾತ್ರ, ಜೊತೆಗೆ ಪೊಟ್ಯಾಸಿಯಂ. ಪೊಟ್ಯಾಸಿಯಂ ಕಡಿಮೆಯಿರುವಾಗ ಇನ್ಸುಲಿನ್ ಕೊಟ್ಟರೆ ಉಳಿದದ್ದೂ ಜೀವಕೋಶದೊಳಕ್ಕೆ ಹೋಗಿ ಸ್ನಾಯು, ಹೃದಯ ಸೋಲುತ್ತವೆ. ಆಮೇಲೆ ಬೇಗ ಕೆಲಸ ಮಾಡುವ ರೆಗ್ಯುಲರ್ ಇನ್ಸುಲಿನ್ ಮಾಂಸಖಂಡಕ್ಕೆ: ಮೊದಲು ಕಿಲೊಗೆ 0.2ರಂತೆ 4 ಯೂನಿಟ್, ನಂತರ ಗಂಟೆಗೊಮ್ಮೆ 2. ಗಂಟೆಗೆ 75ಕ್ಕಿಂತ ವೇಗವಾಗಿ ಸಕ್ಕರೆ ಇಳಿಯದಂತೆ ಕಾಯ್ದು, ಆರನೇ ಗಂಟೆಗೆ 238 ಬಂದಾಗ ಸಲೈನಿಗೆ ಡೆಕ್ಸ್‌ಟ್ರೋಸ್ (ಗ್ಲುಕೋಸ್) ಸೇರಿಸಿ ಇನ್ಸುಲಿನ್ ಮುಂದುವರಿಸಲಾಯಿತು. ಸಕ್ಕರೆ ಇಳಿಯಿತೆಂದು ಇನ್ಸುಲಿನ್ ನಿಲ್ಲಿಸಿದರೆ ಕೀಟೋನ್ ಮತ್ತೆ ಏಳುತ್ತದೆ. ಮೂರು ರಾತ್ರಿ ಆಸ್ಪತ್ರೆ. ನಾಲ್ಕನೇ ದಿನ ಬೇಯಿಸಿದ ಕೋಳಿ ತಿಂದಿತು. ಎನ್‌ಪಿಎಚ್ 9 ಯೂನಿಟ್, ಎರಡು ಹೊತ್ತು ಎಂದು ಬರೆದು ಮನೆಗೆ ಕಳಿಸಿದರು.

ಆ ಬಾಟಲಿಯ ಮೇಲೆ ಬ್ಯಾಚಿನ ಪರೀಕ್ಷಾ ವರದಿ ಇರಲಿಲ್ಲ, ಒಳಗೆ ಏನಿತ್ತೋ. ಹೆಂಪ್ (ಅದೇ ಗಿಡದ ಅಮಲು ಕಡಿಮೆಯ ತಳಿ) ಬೀಜದ ಎಣ್ಣೆಯೇ ಸಿಬಿಡಿ ಎಣ್ಣೆ ಎಂದುಕೊಳ್ಳುವುದು ಈಗ ಮಾಮೂಲು. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ತಿನ್ನಲು ಬಿಟ್ಟದ್ದು ಬೀಜ ಮತ್ತು ಬೀಜದ ಎಣ್ಣೆಯನ್ನು. ಅದರಲ್ಲಿ ಸಿಬಿಡಿ ನಗಣ್ಯ, ಅದು ಅಡುಗೆಮನೆಯ ಪದಾರ್ಥ. ಹೊರದೇಶದ್ದಾದರೂ ಲೇಬಲ್ ನಂಬುವಂತಿಲ್ಲ: 2017ರಲ್ಲಿ ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನ ಪರೀಕ್ಷಿಸಿದಾಗ ಲೇಬಲ್‌ನಂತೆ ಇದ್ದದ್ದು 26 ಮಾತ್ರ, 18ರಲ್ಲಿ ಅಮಲಿನ ಟಿಎಚ್‌ಸಿ ಸಿಕ್ಕಿತ್ತು.

ಸಕ್ಕರೆಗೆ ಸಿಬಿಡಿ ಎಂಬ ಮಾತು ಎಲ್ಲಿಂದ ಬಂತು

ಮಗನ ಫೋನಿನಲ್ಲಿದ್ದ ಬರಹಗಳಿಗೆಲ್ಲ ಮೂಲ ಒಂದೆರಡೇ ಅಧ್ಯಯನ. 2006ರಲ್ಲಿ ಹುಟ್ಟಿನಿಂದಲೇ ಮಧುಮೇಹದ ಒಲವಿರುವ ಇಲಿ ತಳಿಗೆ ಸಿಬಿಡಿ ಕೊಟ್ಟಾಗ, ಕಾಯಿಲೆಗೆ ಬಿದ್ದವು ನೂರಕ್ಕೆ 86ರಿಂದ 30ಕ್ಕಿಳಿದಿದ್ದವು. ನಿಜ, ಆದರೆ ಅದು ಕಾಯಿಲೆ ಬರುವ ಮುಂಚೆ, ಇಲಿಗೆ. ಮನುಷ್ಯರಲ್ಲಿ 2016ರ ಪ್ರಯೋಗ: ಎರಡನೇ ಬಗೆಯ ಮಧುಮೇಹದ 62 ಜನ, 13 ವಾರ. ದಿನಕ್ಕೆರಡು ಸಲ 100 ಮಿ.ಗ್ರಾಂ ಸಿಬಿಡಿ ತೆಗೆದುಕೊಂಡವರ ಸಕ್ಕರೆ ಹಂದಾಡಲಿಲ್ಲ. ಉಪವಾಸದ ಸಕ್ಕರೆ ಇಳಿಸಿದ್ದು ಅದೇ ಗಿಡದ ಇನ್ನೊಂದು ಸತ್ವ ಟಿಎಚ್‌ಸಿವಿ. ಮಾರುವವರು ಇವೆರಡನ್ನೂ ಕಲಸಿಯೇ ಹೇಳುತ್ತಾರೆ. ನಾಯಿಯ ಮಧುಮೇಹ ಬಹುಪಾಲು ಇನ್ಸುಲಿನ್ನೇ ಇಲ್ಲದಾಗುವ ಬಗೆ. ಉತ್ಪಾದಿಸುವ ಕೋಶಗಳೇ ಹೋದ ಮೇಲೆ ಉರಿಯೂತ ತಗ್ಗಿಸುವ ಎಣ್ಣೆ ಯಾವುದನ್ನು ಚುರುಕುಗೊಳಿಸಬೇಕು? ಮಧುಮೇಹಕ್ಕೆಂದು ಅನುಮೋದನೆ ಪಡೆದ ಸಿಬಿಡಿ ಔಷಧ ಯಾವ ಸಾಕುಪ್ರಾಣಿಗೂ ಇಲ್ಲ.

ನಾಯಿಗಳಲ್ಲಿ ಸಿಬಿಡಿಗೆ ಸ್ವಲ್ಪ ಆಧಾರವಿರುವುದು ಬೇರೆ ಕಡೆ. 2018ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಕೀಲುಸವೆತದ ನಾಯಿಗಳಿಗೆ ಕಿಲೊಗೆ 2 ಮಿ.ಗ್ರಾಂನಂತೆ 12 ಗಂಟೆಗೊಮ್ಮೆ ಕೊಟ್ಟು ನೋವು ತಗ್ಗಿದ್ದನ್ನು ಕಂಡರು. 2019ರಲ್ಲಿ ಕೊಲೊರಾಡೊದವರು ಅಪಸ್ಮಾರದ ನಾಯಿಗಳಿಗೆ 2.5 ಮಿ.ಗ್ರಾಂ ಕೊಟ್ಟರು. ಎರಡರಲ್ಲೂ ಯಕೃತ್ತಿನ ಎಎಲ್‌ಪಿ ಕಿಣ್ವ ಏರಿತ್ತು. ಬೆಳ್ಳಿಗೆ ಜುಲೈಯಲ್ಲಿ ಬೀಳುತ್ತಿದ್ದದ್ದು ಆ ಪ್ರಮಾಣದ ಮೂರನೇ ಒಂದರಷ್ಟು.

ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ಆಸ್ಪತ್ರೆಯಿಂದ ಹೋದ ಮೊದಲ ನಾಲ್ಕು ದಿನ ಯಾವ ಹೊತ್ತಿಗೆ ನೋಡಿದರೂ 350ರ ಮೇಲೆ. ಇನ್ಸುಲಿನ್ ಕೆಟ್ಟಿದೆಯೋ, ಪ್ರಮಾಣ ಸಾಲದೋ ಎಂಬ ಚರ್ಚೆ. ವಯಲ್, ಸಿರಿಂಜ್ ಎರಡನ್ನೂ ಮೇಜಿನ ಮೇಲಿಟ್ಟು ಫೋಟೋ ಕಳಿಸಲು ಹೇಳಿದಾಗ ಗೊತ್ತಾಯಿತು. ವಯಲ್ 40ರದ್ದು, ಹೊಸದಾಗಿ ತಂದ ಸಿರಿಂಜಿನ ಮುಚ್ಚಳ ಕಿತ್ತಳೆ. ಕಿತ್ತಳೆ ಮುಚ್ಚಳದ ಸಿರಿಂಜ್ ಮಿ.ಲೀ.ಗೆ 100 ಯೂನಿಟ್ ಇನ್ಸುಲಿನ್‌ಗೆ; 40ರ ವಯಲಿಗೆ ಕೆಂಪು ಮುಚ್ಚಳದ್ದೇ ಆಗಬೇಕು. ಕಿತ್ತಳೆಯಲ್ಲಿ 9ರ ಗೆರೆ ಎಂದರೆ 0.09 ಮಿ.ಲೀ., ಅದರಲ್ಲಿ 40ರ ಇನ್ಸುಲಿನ್ ಇರುವುದು 3.6 ಯೂನಿಟ್. ಮನೆಯವರು ತಪ್ಪದೆ 9 ಎಳೆದಿದ್ದರು, ನಾಯಿಗೆ ಹೋದದ್ದು ಮೂರೂವರೆ ಚಿಲ್ಲರೆ.

ಇಲ್ಲಿ ಅಪಾಯ ಬರೀ ಕಡಿಮೆ ಬೀಳುವುದಲ್ಲ. ಸಕ್ಕರೆ ಇಳಿಯುತ್ತಿಲ್ಲವೆಂದು ಅದೇ ಸಿರಿಂಜಿನಲ್ಲಿ 20ರ ಗೆರೆಗೆ ಏರಿಸಿಕೊಂಡು, ಮುಂದಿನ ತಿಂಗಳು ಅಂಗಡಿಯವ ಕೆಂಪು ಮುಚ್ಚಳದ್ದು ಕೊಟ್ಟರೆ ಅದೇ 20ರ ಗೆರೆಯಲ್ಲಿ ಎರಡೂವರೆ ಪಟ್ಟು ಹೋಗುತ್ತದೆ. ಸಕ್ಕರೆ ಅಳತೆ ಮೀರಿದಾಗ ಪ್ರಮಾಣ ಮುಟ್ಟುವ ಮುನ್ನ ಮುಚ್ಚಳದ ಬಣ್ಣ ನೋಡುವುದು ಈ ಕಾರಣಕ್ಕೆ.

ಆಗಸ್ಟ್ ಕೊನೆಯಲ್ಲಿ ಆಪರೇಷನ್ ಆಯಿತು. ಅಂದು ಬೆಳಿಗ್ಗೆ ಖಾಲಿ ಹೊಟ್ಟೆ, ಇನ್ಸುಲಿನ್ ಅರ್ಧ. ಮೊದಲ ಸರದಿ ಅದರದ್ದೇ, ಸಂಜೆಯೊಳಗೆ ಎದ್ದು ತಿನ್ನಲೆಂದು. ಅಂಡಾಶಯ ಹೋದ ಮೇಲೆ ಅಡ್ಡ ನಿಂತ ಹಾರ್ಮೋನ್ ಕರಗುತ್ತದೆ, ನಿನ್ನೆ ಸರಿಯಿದ್ದ ಇನ್ಸುಲಿನ್ ಇಂದು ಹೆಚ್ಚಾಗುತ್ತದೆ. ಎಂಟನೇ ದಿನದ ತಗ್ಗು 74 ಬಂದಾಗ 9ರಿಂದ 7ಕ್ಕೆ ಇಳಿಸಲಾಯಿತು. ಅಲ್ಲಿಂದ ಮುಂದೆ ಅದು 7ರಲ್ಲೇ ನಿಂತಿತು. ಇನ್ಸುಲಿನ್ ಬಿಡಿಸುವ ಅವಕಾಶ ಜುಲೈಯಲ್ಲಿ ಸ್ವಲ್ಪ ಇತ್ತು, ಸೆಪ್ಟೆಂಬರಿನಲ್ಲಿ ಇರಲಿಲ್ಲ.

ಸೆನ್ಸರ್ ಹಿಡಿದ ಕಳ್ಳತನ

ಸೆಪ್ಟೆಂಬರಿನಲ್ಲಿ ಮನುಷ್ಯರು ತೋಳಿಗೆ ಅಂಟಿಸಿಕೊಳ್ಳುವ ಹದಿನಾಲ್ಕು ದಿನದ ಗ್ಲುಕೋಸ್ ಸೆನ್ಸರ್ ಹಾಕಲಾಯಿತು. ಭುಜದ ಹಿಂದೆ ಕೂದಲು ಬೋಳಿಸಿ, ಸ್ಪಿರಿಟ್‌ನಿಂದ ಒರೆಸಿ, ಚರ್ಮ ಪೂರ್ತಿ ಒಣಗಿದ ಮೇಲೆ ಅಂಚಿಗೆ ಎರಡು ಹನಿ ಗಾಯದ ಅಂಟು, ಮೇಲೆ ಮಕ್ಕಳ ಬನಿಯನ್. ಮೊದಲನೆಯದು ಮೂರೇ ದಿನಕ್ಕೆ ಉದುರಿತು, ಮಳೆಯಲ್ಲಿ ನೆನೆದು ಗೋಡೆಗೆ ಉಜ್ಜಿಕೊಂಡಿತ್ತು. ಎರಡನೆಯದು ಹನ್ನೊಂದು ದಿನ ನಿಂತಿತು.

ಸೆನ್ಸರ್ ತೋರಿಸಿದ ಸಕ್ಕರೆಯ ಗೆರೆ ಚೆನ್ನಾಗಿಯೇ ಇತ್ತು, ಒಂದನ್ನು ಬಿಟ್ಟು. ಪ್ರತಿ ದಿನ ಸಂಜೆ ನಾಲ್ಕೂವರೆಗೆ ಸಕ್ಕರೆ 330ರವರೆಗೆ ಜಿಗಿಯುತ್ತಿತ್ತು. ಮಧ್ಯಾಹ್ನ ಏನೂ ಕೊಡುವುದಿಲ್ಲ ಎಂದು ಮನೆಯೊಡತಿ ಆಣೆ ಮಾಡಿ ಹೇಳಿದರು, ಅದೂ ನಿಜವೇ. ನಾಲ್ಕು ಗಂಟೆಗೆ ಕೊಟ್ಟಿಗೆಯಲ್ಲಿ ಹಸುವಿಗೆ ಕಲಗಚ್ಚು ಇಡುತ್ತಿದ್ದರು: ಅಕ್ಕಿ ತೊಳೆದ ನೀರು, ಗಂಜಿ, ಮಿಕ್ಕ ಅನ್ನ, ಕರು ಹಾಕಿದ ಹಸು ಎಂದು ಮೇಲೊಂದು ಹಿಡಿ ಬೆಲ್ಲ. ಹಸು ಮೂತಿ ಎತ್ತಿದಾಗೆಲ್ಲ ಪಕ್ಕದಿಂದ ಬೆಳ್ಳಿಯ ಮೂತಿ ಇಳಿಯುತ್ತಿತ್ತು. ಬಕೆಟ್ ಎತ್ತರಕ್ಕೆ ಹೋಯಿತು, ಗೆರೆ ಮಲಗಿತು. ಇನ್ಸುಲಿನ್ ಏರಿಸಿ ಈ ಜಿಗಿತವನ್ನು ಹೊಡೆಯಲು ಹೋಗಿದ್ದರೆ, ಕಲಗಚ್ಚು ಸಿಗದ ದಿನ ನಾಯಿ ಬೀಳುತ್ತಿತ್ತು.

ಊಟ ಹೀಗೆ ನಿಂತಿತು: ದಿನಕ್ಕೆ ಸುಮಾರು 1,000 ಕಿಲೊಕ್ಯಾಲೊರಿ ಎರಡು ಪಾಲು. ಚರ್ಮ ತೆಗೆದ ಕೋಳಿ, ಮೊಟ್ಟೆ, ಬೇಯಿಸಿದ ಬೀನ್ಸ್-ಕುಂಬಳ, ಅಳತೆಯ ಅನ್ನ, ಪಶುವೈದ್ಯರು ಬರೆದ ಕ್ಯಾಲ್ಸಿಯಂ-ಖನಿಜ ಪುಡಿ. ಅನ್ನ ಪೂರ್ತಿ ಬಿಡಬೇಕೆಂದೇನಿಲ್ಲ, ಪ್ರತಿ ದಿನ ಒಂದೇ ಲೋಟ ಇರಬೇಕು ಅಷ್ಟೆ.

ಎರಡನೇ ಸಲ ಎಣ್ಣೆ, ಈ ಸಲ ಲೆಕ್ಕವಿಟ್ಟು

ಅಕ್ಟೋಬರಿಗೆ ತೂಕ 24 ಕಿಲೊ. ಚುಚ್ಚುವ ಮುಂಚಿನ ಸಕ್ಕರೆ 230-260, ತಗ್ಗು 120-135. ಆದರೆ ಸೊಂಟದ ಕೀಲಿನ ಹಳೆಯ ನೋವು ಥಂಡಿ ಶುರುವಾದಂತೆ ಹೆಚ್ಚಿ, ಜಗಲಿಯ ಮೂರು ಮೆಟ್ಟಿಲು ಹತ್ತಲು ಕಷ್ಟ. ಮಗ ಮತ್ತೆ ಕೇಳಿದ: ನೋವಿಗಾದರೂ ಎಣ್ಣೆ ಕೊಡಬಹುದೇ? ಕೇಳಿ ಮಾಡುವವರಿಗೆ ಬೇಡವೆಂದರೆ ಅಡಗಿಸಿ ಮಾಡುತ್ತಾರೆ. ಅದಕ್ಕಿಂತ ಕಟ್ಟಳೆ ಹಾಕಿ ನೋಡುವುದೇ ಮೇಲು.

ಕಟ್ಟಳೆ ಇವು. ಇನ್ಸುಲಿನ್ ಒಂದು ಯೂನಿಟ್ಟೂ ಅಲುಗಬಾರದು. ಬಾಟಲಿಗೆ ಬ್ಯಾಚ್ ಸಂಖ್ಯೆ, ಅದೇ ಸಂಖ್ಯೆಯ ಪ್ರಯೋಗಾಲಯ ವರದಿ ಇರಬೇಕು. ಅದರಲ್ಲಿ ಸಿಬಿಡಿ ಎಷ್ಟು, ಟಿಎಚ್‌ಸಿ ಎಷ್ಟು, ಸೀಸ-ಕೀಟನಾಶಕ ನೋಡಿದ್ದಾರೆಯೇ ಎಂಬುದಿರಬೇಕು. ಸಿಹಿ, ಪರಿಮಳ ಹಾಕಿದ್ದು ಬೇಡವೇ ಬೇಡ. ಮನುಷ್ಯರ ಕೆಲವು ಉತ್ಪನ್ನಗಳಲ್ಲಿ ಸಿಹಿಗೆ ಬಳಸುವ ಝೈಲಿಟಾಲ್ ನಾಯಿಯಲ್ಲಿ ಇನ್ಸುಲಿನ್ ಉಕ್ಕಿಸುತ್ತದೆ, ಕಿಲೊಗೆ 0.1 ಗ್ರಾಂ ಸಾಕು ಸಕ್ಕರೆ ಕುಸಿಯಲು. ಡ್ರಾಪರ್ ಬದಲು ಸೂಜಿ ತೆಗೆದ 1 ಮಿ.ಲೀ. ಸಿರಿಂಜ್. ಯಾವಾಗಲೂ ಊಟದ ಜೊತೆಗೇ, ಏಕೆಂದರೆ ಹೊಟ್ಟೆಯಲ್ಲಿ ಕೊಬ್ಬಿದ್ದರೆ ಹೀರಿಕೆ ಬೇರೆ, ಖಾಲಿ ಹೊಟ್ಟೆಗೆ ಬೇರೆ. ಶುರುವಿಗೆ ಮುನ್ನ ರಕ್ತಪರೀಕ್ಷೆ: ಯಕೃತ್ತಿನ ಕಿಣ್ವಗಳಾದ ಎಎಲ್‌ಪಿ, ಎಎಲ್‌ಟಿ, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್. ಪ್ರತಿ ಭಾನುವಾರ ಮೆಟ್ಟಿಲು ಹತ್ತುವುದರ ವಿಡಿಯೋ.

"ನಮ್ಮ ಕಡೆಯೇ ಗಿಡ ಸಿಗ್ತದಲ್ಲ, ಕೊಬ್ಬರಿ ಎಣ್ಣೆಯಲ್ಲಿ ಕಾಸಿದ್ರೆ?" ಎಂಬ ಮಾತೂ ಬಂತು. ಬರದೆ ಇರುವುದಿಲ್ಲ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಪರವಾನಗಿ ಇಲ್ಲದೆ ಗಿಡ ಬೆಳೆಸುವುದೇ ಅಪರಾಧ, ಹೂ-ಕಾಯಿಯ ತುದಿ ಕಾಯ್ದೆಯ ಪ್ರಕಾರ ಗಾಂಜಾ. ನಾಯಿಯ ಮಟ್ಟಿಗೆ ಹೇಳುವುದಾದರೆ ಕಾಸಿದ ಎಣ್ಣೆಯಲ್ಲಿ ಇಳಿಯುವುದು ಹೆಚ್ಚಾಗಿ ಟಿಎಚ್‌ಸಿ. ಅದು ಏರಿದ ನಾಯಿ ತೂರಾಡುತ್ತದೆ, ಮುಟ್ಟಿದರೆ ಬೆಚ್ಚುತ್ತದೆ, ನಿಂತಲ್ಲೇ ಉಚ್ಚೆ ಸೋರುತ್ತದೆ. ಸಕ್ಕರೆ ಕಾಯಿಲೆಯ ನಾಯಿಯಲ್ಲಿ ತೂರಾಟ ಸಕ್ಕರೆ ಬಿದ್ದಂತೆಯೂ, ಉಚ್ಚೆ ಸಕ್ಕರೆ ಏರಿದಂತೆಯೂ ಕಾಣುತ್ತದೆ. ಯಾವುದನ್ನು ನಂಬಬೇಕು?

ಮೊದಲ ವಾರ ಕಿಲೊಗೆ ಅರ್ಧ ಮಿ.ಗ್ರಾಂ: 12 ಮಿ.ಗ್ರಾಂ, ಅಂದರೆ 0.36 ಮಿ.ಲೀ., ಎರಡು ಹೊತ್ತು. ಆಮೇಲೆ ನಾಲ್ಕು ವಾರ ಒಂದು ಮಿ.ಗ್ರಾಂ, 0.72 ಮಿ.ಲೀ. ನಂತರ ಎರಡು ಮಿ.ಗ್ರಾಂ, 1.44 ಮಿ.ಲೀ. ಈ ಕೊನೆಯ ಮೆಟ್ಟಿಲಲ್ಲಿ 30 ಮಿ.ಲೀ. ಬಾಟಲಿ ಹತ್ತೇ ದಿನಕ್ಕೆ ಮುಗಿಯುತ್ತದೆ. ಒಂದು ಬಾಟಲಿ ಎರಡು ತಿಂಗಳು ಬಂತು ಎನ್ನುವವರ ದೊಡ್ಡ ನಾಯಿಗೆ ಬಿದ್ದದ್ದು ಸಿಬಿಡಿಯಲ್ಲ, ಹೆಚ್ಚುಕಡಿಮೆ ಬರೀ ಅದನ್ನು ಬೆರೆಸಿದ ವಾಹಕ ಎಣ್ಣೆ. ಆ ಎಣ್ಣೆಯೂ ದಿನಕ್ಕೆ ಸುಮಾರು 3 ಮಿ.ಲೀ. ಆಗುತ್ತದೆ, ಟ್ರೈಗ್ಲಿಸರೈಡ್ ಏರಿರುವ, ಮೇದೋಜೀರಕ ಒಮ್ಮೆ ಊದಿರುವ ನಾಯಿಗೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನವೆಂಬರ್ ಮಧ್ಯೆ, ಎರಡು ಮಿ.ಗ್ರಾಂಗೆ ಏರಿಸಿದ ಮೂರನೇ ದಿನ. ಬೆಳಿಗ್ಗೆ ಏಳೂವರೆಗೆ ಊಟ ಇಟ್ಟರು, ಬೆಳ್ಳಿ ಅರ್ಧ ತಿಂದು ಮುಖ ತಿರುಗಿಸಿತು. ಹಿಂದಿನ ದಿನದಿಂದಲೇ ಅದರ ಮಲ ತೆಳುವಾಗಿತ್ತು. ಇನ್ಸುಲಿನ್ ಮಾತ್ರ ಪೂರ್ತಿ 7 ಹೋಯಿತು. ಹನ್ನೊಂದೂವರೆಗೆ ಜಗಲಿಯ ಕಂಬಕ್ಕೆ ಮೈ ತಾಗಿಸಿ ನಿಂತಿತ್ತು, ಹಿಂಗಾಲು ನಡುಗುತ್ತಿತ್ತು, ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಯಜಮಾನರು, "ಎಣ್ಣೆ ಮಂಪರು, ಮಲಗ್ಲಿ ಬಿಡು" ಎಂದರು. ಮನೆಯೊಡತಿ ಬಿಡಲಿಲ್ಲ. ಮತ್ತೆ ಹಾಕಿದ್ದ ಸೆನ್ಸರಿಗೆ ಫೋನ್ ಹಿಡಿದರೆ 56, ಬಾಣ ಕೆಳಮುಖ. ಕಿವಿಯ ರಕ್ತದಲ್ಲಿ 52. ಸೆನ್ಸರಿನ ಅಂಕಿ ರಕ್ತಕ್ಕಿಂತ ಹತ್ತು ನಿಮಿಷದಷ್ಟು ಹಿಂದಿರುತ್ತದೆ, ಇಳಿಯುವಾಗ ನಿಜ ಅದಕ್ಕಿಂತ ಕೆಳಗೇ ಇರುತ್ತದೆ. ಅಡುಗೆಮನೆಯ ಜಾಡಿಯಿಂದ ಒಂದು ದೊಡ್ಡ ಚಮಚ ಜೋನಿಬೆಲ್ಲ ತಂದು, ತುಟಿ ಎತ್ತಿ ಒಸಡಿಗೆ ಬೆರಳಲ್ಲಿ ಸವರಿದರು. ಗಂಟಲಿಗೆ ಸುರಿಯಲಿಲ್ಲ, ಸುರಿದರೆ ಶ್ವಾಸಕ್ಕೆ ಹೋಗುತ್ತದೆ. ಹದಿನೈದು ನಿಮಿಷಕ್ಕೆ 71. ತಲೆ ಎತ್ತಿತು, ಬಟ್ಟಲು ಅನ್ನ-ಮೊಟ್ಟೆ ತಿಂದಿತು, ಮುಕ್ಕಾಲು ಗಂಟೆಗೆ 112. ಸಂಜೆಯ ಇನ್ಸುಲಿನ್ ಫೋನಿನಲ್ಲಿ ಕೇಳಿ ಅರ್ಧ ಕೊಟ್ಟರು.

ಮಗನಿಗೆ ಇದು ಎಣ್ಣೆ ಸಕ್ಕರೆ ಇಳಿಸಿದ ಪುರಾವೆಯಂತೆ ಕಂಡಿತು. ಎಣ್ಣೆ ಇಳಿಸಿದ್ದು ಸಕ್ಕರೆಯನ್ನಲ್ಲ, ಹಸಿವನ್ನು. ತಟ್ಟೆಯಲ್ಲಿ ಅರ್ಧ ಊಟ ಉಳಿದಿತ್ತು, ಸಿರಿಂಜಿನಲ್ಲಿ ಪೂರ್ತಿ ಇನ್ಸುಲಿನ್ ಹೋಗಿತ್ತು. ನಾಯಿ ಪೂರ್ತಿ ತಿಂದ ದಿನಗಳ ಗೆರೆ ನೋಡಿದರೆ ಎಣ್ಣೆಗೆ ಮುಂಚೆಯೂ ಎಣ್ಣೆಯ ಜೊತೆಗೂ ಒಂದೇ: ಮೇಲೆ 225-265, ಕೆಳಗೆ 115-140. ಅಲ್ಲಿಂದ ಮನೆಯ ಕ್ರಮ ಬದಲಾಯಿತು. ಅರ್ಧ ತಿಂದರೆ ಅರ್ಧ ಇನ್ಸುಲಿನ್ ಮತ್ತು ಫೋನ್. ತೂರಾಡಿದರೆ, ಮಂಕಾದರೆ ಕಾರಣ ಹುಡುಕುವ ಮುನ್ನ ಸಕ್ಕರೆ ನೋಡುವುದು, ನೋಡಲಾಗದಿದ್ದರೆ ಜೋನಿಬೆಲ್ಲ. ಮಂಪರೇ ಆಗಿದ್ದರೆ ಒಂದು ಚಮಚ ಬೆಲ್ಲದಿಂದ ಏನೂ ಕೆಡುವುದಿಲ್ಲ.

ಯಕೃತ್ತಿನ ಲೆಕ್ಕ: ಎಎಲ್‌ಪಿ ಶುರುವಿನಲ್ಲಿ 214, ಒಂದು ಮಿ.ಗ್ರಾಂನ ನಾಲ್ಕು ವಾರಕ್ಕೆ 260, ಎರಡು ಮಿ.ಗ್ರಾಂನ ಎರಡು ವಾರಕ್ಕೆ 402. ಎಎಲ್‌ಟಿ ಹೆಚ್ಚು ಅಲುಗಲಿಲ್ಲ, 58ರಿಂದ 66. ಮಧುಮೇಹದ ನಾಯಿಯಲ್ಲಿ ಎಎಲ್‌ಪಿ ತಾನಾಗಿಯೇ ಏರಿರುತ್ತದೆ, ಹಾಗಾಗಿ ಮೊದಲ ಅಂಕಿ ಕೈಯಲ್ಲಿಲ್ಲದಿದ್ದರೆ 402ನ್ನು ಯಾರ ತಲೆಗೆ ಕಟ್ಟುವುದೆಂದು ತಿಳಿಯುತ್ತಿರಲಿಲ್ಲ. ಪ್ರಮಾಣವನ್ನು ಒಂದು ಮಿ.ಗ್ರಾಂಗೆ ಇಳಿಸಿದ ತಿಂಗಳಿಗೆ 281.

ನೋವು? ವಿಡಿಯೋದಲ್ಲಿ ಮೆಟ್ಟಿಲು ಹತ್ತುವುದು ನಿಜವಾಗಿ ಸಲೀಸಾಗಿದೆ. ಆದರೆ ಅದೇ ಎರಡು ತಿಂಗಳಲ್ಲಿ ಸಕ್ಕರೆ ಹದಕ್ಕೆ ಬಂದು ತೊಡೆಯ ಸ್ನಾಯು ತುಂಬಿಕೊಂಡಿತು, ಮಲಗಲು ಕಂಬಳಿ ಹಾಸಿದರು, ಜಾರುವ ಸಿಮೆಂಟ್ ಮೆಟ್ಟಿಲಿಗೆ ಗೋಣಿ ಹಾಕಿದರು. ಪಾಲು ಹಂಚಿ ಹೇಳುವುದು ಕಷ್ಟ. ಗೋಣಿಗೆ ಸಲ್ಲಬೇಕಾದ್ದೂ ಸ್ವಲ್ಪ ಇದೆ.

ಅದೇ ಬಾಟಲಿ ಕುದುರೆಗೆ, ಬೆಕ್ಕಿಗೆ

ಇವರ ನೆಂಟರೊಬ್ಬರು ಶಿವಮೊಗ್ಗದಲ್ಲಿ ಮದುವೆ ಮೆರವಣಿಗೆಗೆ ಹೆಣ್ಣು ಕುದುರೆ ಸಾಕಿದ್ದಾರೆ. ಅದಕ್ಕೂ "ಶುಗರ್" ಅಂತೆ, ಎಣ್ಣೆ ಕೊಡಬಹುದೇ ಎಂದು ಕೇಳಿದರು. ಕುದುರೆಯಲ್ಲಿ ನಿಜವಾದ ಮಧುಮೇಹ ಅಪರೂಪ. ಕತ್ತಿನ ಮೇಲೆ ಕೊಬ್ಬು ಕಟ್ಟಿ, ಮುಂಗಾಲು ನೋಯುತ್ತ, ಹಿಂದಕ್ಕೆ ಭಾರ ಹಾಕಿ ನಿಲ್ಲುವ ಕುದುರೆಗೆ ಇರುವುದು ಬಹಳ ಸಲ ಇನ್ಸುಲಿನ್ ಅತಿಯಾಗುವ ತೊಂದರೆ, ಗೊರಸಿನೊಳಗಿನ ಉರಿಯೂತ ಅದರ ಫಲ. ಅಲ್ಲಿ ನೋಡಬೇಕಾದ್ದು ರಕ್ತದ ಇನ್ಸುಲಿನ್. ವಯಸ್ಸು ಹದಿನೈದು ದಾಟಿ ಕೂದಲು ಉದುರದೆ ಉದ್ದ ಬೆಳೆದಿದ್ದರೆ ಪಿಟ್ಯುಟರಿ ಗ್ರಂಥಿಯನ್ನೂ ಪರೀಕ್ಷಿಸಬೇಕು. ಔಷಧಕ್ಕಿಂತ ಮೊದಲು ಹುರುಳಿ-ಬೂಸಾ ರಾಶಿ, ಮದುವೆಮನೆಯ ಬೆಲ್ಲ-ಬಾಳೆಹಣ್ಣು ನಿಲ್ಲಬೇಕು. ತೂಕದ ನೂರಕ್ಕೆ ಒಂದೂವರೆಯಷ್ಟು ಒಣಹುಲ್ಲು ತೂಗಿ, ಅರ್ಧದಿಂದ ಒಂದು ಗಂಟೆ ನೆನೆಸಿ ನೀರು ಚೆಲ್ಲಿ ಹಾಕಬೇಕು. 350 ಕಿಲೊ ಕುದುರೆಗೆ ಅದು ಐದೂಕಾಲು ಕಿಲೊ. ಎಣ್ಣೆಯ ಮಾತಿಗೆ ಬಂದರೆ ನಾಯಿಯ ಪ್ರಮಾಣದಲ್ಲೇ ಹೊತ್ತಿಗೆ 700 ಮಿ.ಗ್ರಾಂ ಬೇಕು, ಬಾಟಲಿ ಒಂದು ದಿನವೂ ಬಾರದು. ಸ್ಪರ್ಧೆಯ ಕುದುರೆಯಾದರೆ ಇನ್ನೊಂದು ತೊಡಕು: ಅಮೆರಿಕದ ಕುದುರೆ ಸವಾರಿ ಒಕ್ಕೂಟ 2019ರ ಸೆಪ್ಟೆಂಬರ್ 1ರಿಂದ ಸಿಬಿಡಿ ಸಿಕ್ಕರೆ ದಂಡಿಸುತ್ತದೆ.

ಬೆಕ್ಕಿನ ಕಥೆ ಬೇರೆ. ಅದರ ಮಧುಮೇಹ ಮನುಷ್ಯರ ಎರಡನೇ ಬಗೆಗೆ ಹತ್ತಿರ. ಅನ್ನ-ಹಾಲು ಬಿಡಿಸಿ ಮಾಂಸದ ಊಟ, ತೂಕ ಇಳಿಕೆ, ಬೇಗ ಶುರುಮಾಡಿದ ಇನ್ಸುಲಿನ್ ಇವುಗಳಿಂದ ಕಾಯಿಲೆ ಹಿಂದೆ ಸರಿಯುವುದೂ ಉಂಟು. ನಾಯಿಯ ಎಣ್ಣೆಯ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ಜನವರಿಯ ಭೇಟಿಯಲ್ಲಿ ಬೆಳ್ಳಿ 24.6 ಕಿಲೊ, ಇನ್ಸುಲಿನ್ 7 ಯೂನಿಟ್, ಕೆಂಪು ಮುಚ್ಚಳ. ಎಣ್ಣೆ ಒಂದು ಮಿ.ಗ್ರಾಂ, ಅದೂ ಈ ಬಾಟಲಿ ಮುಗಿಯುವವರೆಗೆ. ಆಮೇಲೆ ಒಂದು ತಿಂಗಳು ನಿಲ್ಲಿಸಿ ಮೆಟ್ಟಿಲಿನ ವಿಡಿಯೋ ಹೋಲಿಸಿ ನೋಡುವುದೆಂದು ಮಾತಾಗಿದೆ. ಎಡಗಣ್ಣಿನಲ್ಲಿ ಪೊರೆ ಕಾಣತೊಡಗಿದೆ. ಸಕ್ಕರೆ ಹದದಲ್ಲಿದ್ದರೂ ಬಹುಪಾಲು ನಾಯಿಗಳಿಗೆ ವರ್ಷ-ಒಂದೂವರೆ ವರ್ಷದಲ್ಲಿ ಇದು ಬರುತ್ತದೆ, ಎಣ್ಣೆ ಅದನ್ನು ತಡೆಯುವುದಿಲ್ಲ. ದೃಷ್ಟಿ ಬೇಕೆಂದರೆ ಆಪರೇಷನ್ನೇ ದಾರಿ. ಮನೆಯೊಡತಿ ಈಗಲೇ ನೀರಿನ ಬಕೆಟ್, ಊಟದ ತಟ್ಟೆ, ಕಂಬಳಿ ಮೂರನ್ನೂ ಒಂದೇ ಜಾಗದಲ್ಲಿ ಇಡಲು ಶುರುಮಾಡಿದ್ದಾರೆ. ಸೂರಿನ ಕೆಳಗಿನ ಹಂಡೆಯನ್ನು ಕವುಚಿ ಹಾಕಿದ್ದಾರೆ.